ಮತ್ತೆ? ಮತ್ತೇನಿಲ್ಲ

ನಮ್ಮ ಕಡೆ ಇಬ್ಬರು ಕೂತು ಮಾತಾಡುವಾಗ ಮಾತು ಮುಗಿದುಹೋದರೆ ಯಾರೂ ತಕ್ಷಣ ಏಳುವುದಿಲ್ಲ. ಒಬ್ಬರು ‘ಮತ್ತೆ?’ ಅನ್ನುತ್ತಾರೆ. ಇನ್ನೊಬ್ಬರು ‘ಮತ್ತೇನಿಲ್ಲ’ ಅನ್ನುತ್ತಾರೆ. ಸ್ವಲ್ಪ ಹೊತ್ತು ಇಬ್ಬರೂ ಬೀದಿಯನ್ನು ನೋಡುತ್ತಾರೆ. ಆಮೇಲೆ, ‘ಮತ್ತೇನಿಲ್ಲ’ ಎಂದವರೇ ಈಗ ತಮ್ಮ ಸರದಿ ಎಂಬಂತೆ ‘ಮತ್ತೆ?’ ಅನ್ನುತ್ತಾರೆ, ಮೊದಲು ಕೇಳಿದವರು, ಹೇಳಲು ತಮಗೆ ಬೇಕಾದಷ್ಟಿದ್ದರೂ ಸಂಕೋಚಕ್ಕೆ ಬಿದ್ದವರಂತೆ, ‘ಮತ್ತೇನಿಲ್ಲ, ನೀವೇ ಹೇಳಬೇಕು’ ಅನ್ನುತ್ತಾರೆ. ಹೀಗೆ ಅರ್ಧ ಗಂಟೆಯನ್ನು ಎರಡೇ ಶಬ್ದದಲ್ಲಿ ಕಳೆಯಬಲ್ಲ ಜನ ತುಮಕೂರು ಸೀಮೆಯ ಹೊರಗೆ ಎಲ್ಲಿಯಾದರೂ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಸೀಮೆಯ ಹೊರಗೆ ಹೆಚ್ಚು ಹೋದವನಲ್ಲ.

ಪಕ್ಕದ ಮನೆಯ ಗಂಗಣ್ಣ ಈ ವಿದ್ಯೆಯಲ್ಲಿ ಪಾರಂಗತ. ಬಸ್ ಕಂಡಕ್ಟರಾಗಿ ನಿವೃತ್ತನಾದ ಮೇಲೆ, ಕೆಲಸದಲ್ಲಿದ್ದಾಗ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಕೂಗಿ ಕೂಗಿ ಮಾತೆಲ್ಲ ಖರ್ಚಾಗಿಹೋಯಿತೋ ಏನೋ, ಸಂಜೆ ನಮ್ಮ ಜಗಲಿಗೆ ಬಂದು ಕೂತರೆ ಅವನ ಬಾಯಲ್ಲಿ ‘ಮತ್ತೆ’ ಬಿಟ್ಟು ಬೇರೆ ಮಾತು ಕಡಿಮೆ. ನನ್ನ ಬಾಯಿಯೂ ಅಂಥದ್ದೇ. ನಮ್ಮಿಬ್ಬರ ಈ ಸಂಭಾಷಣೆಗೆ ಒಂದು ಕೊನೆ ಅಂತ ಇದ್ದದ್ದು ನನ್ನ ಹೆಂಡತಿ ಜಯಳಿಂದ. ಎರಡು ಲೋಟ ಕಾಫಿ ತಂದು ನಡುವೆ ಇಟ್ಟು, “ಮಾವ, ನಿಮ್ಮಿಬ್ಬರ ‘ಮತ್ತೆ’ಗೆ ನನ್ನ ಡಿಕಾಕ್ಷನ್ನೇ ದಿಕ್ಕು” ಅನ್ನುತ್ತಿದ್ದಳು. ಕಾಫಿ ಕುಡಿದ ಮೇಲೆ ಗಂಗಣ್ಣ ಎದ್ದು ಹೋಗುತ್ತಿದ್ದ.

ಹೆಂಡತಿ ಗಂಡನನ್ನು ಮಾವ ಎನ್ನುವುದೇ ಎಂದು ದೂರದವರು ಕೇಳಬಹುದು. ಜಯ ನನ್ನ ಅಕ್ಕನ ಮಗಳು. ಮಾತು ಬಂದಾಗಿನಿಂದ ಮಾವ ಎಂದೇ ಕರೆಯುತ್ತಿದ್ದವಳು, ಯಡಿಯೂರಿನಲ್ಲಿ ಹಾರ ಬದಲಾಯಿಸಿಕೊಂಡ ಮರುದಿನವೂ ಹಾಗೆಯೇ ಕರೆದಳು, ಕೊನೆಯವರೆಗೂ ಹಾಗೆಯೇ ಕರೆದಳು. ಹೀಗಾಗಿ ನನ್ನ ಅಕ್ಕನೇ ನನ್ನ ಅತ್ತೆ. ನಮ್ಮ ಸಂಬಂಧಗಳು ಹೊರಟಲ್ಲಿಗೇ ಬಂದು ಸೇರುವಂಥವು. ನಮಗೆ ಮಕ್ಕಳಾಗಲಿಲ್ಲವಾದ್ದರಿಂದ ಆ ಸುತ್ತು ನಮ್ಮಲ್ಲಿಗೇ ನಿಂತಿತು.

ಒಂದು ಮಾಘದಲ್ಲಿ ಜಯಳಿಗೆ ಕಾಮಾಲೆ ಎಂದು ಶುರುವಾದದ್ದು ಕಾಮಾಲೆಯಾಗಿ ಉಳಿಯಲಿಲ್ಲ. ಅವಳು ಹೋದಳು. ಗಂಗಣ್ಣ ಮಾತ್ರ ಬರುವುದನ್ನು ಬಿಡಲಿಲ್ಲ. ಮೊದಲಿನ ಜಾಗದಲ್ಲೇ ಕೂರುತ್ತಿದ್ದ, ಮೊದಲಿನಂತೆಯೇ ‘ಮತ್ತೆ?’ ಅನ್ನುತ್ತಿದ್ದ. ಅವಳ ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ. ಅವನೊಬ್ಬನೇ ಅಲ್ಲ, ಬೀದಿಯಲ್ಲಿ, ನಾನು ಕೆಲಸಕ್ಕೆ ಹೋಗುತ್ತಿದ್ದ ಕಾರ್ಖಾನೆಯಲ್ಲಿ, ದಿನಸಿ ಅಂಗಡಿಯಲ್ಲಿ ಎಲ್ಲರೂ ಆ ಹೆಸರನ್ನು ಬಿಸಿ ಪಾತ್ರೆ ಎಂಬಂತೆ ಮುಟ್ಟದೆ ಸುತ್ತಿ ಹೋಗುತ್ತಿದ್ದರು. ನನ್ನ ಮೇಲಿನ ಮರುಕದಿಂದಲೇ ಹಾಗೆ ಮಾಡುತ್ತಿದ್ದರು ಎಂದು ಗೊತ್ತಿತ್ತು. ಆದರೆ ಇಷ್ಟು ವರ್ಷ ದಿನಕ್ಕೆ ಹತ್ತು ಬಾರಿ ಕಿವಿಗೆ ಬೀಳುತ್ತಿದ್ದ ಹೆಸರು ಒಮ್ಮೆಲೇ ಊರಿನಲ್ಲೇ ಇಲ್ಲದಂತಾದರೆ ಮನುಷ್ಯನಿಗೆ ತಾನು ಕಿವುಡನಾದೆನೋ ಎನ್ನಿಸುತ್ತದೆ. ಜಗಲಿಯಲ್ಲಿ ಕಾಫಿ ಬರುತ್ತಿರಲಿಲ್ಲ. ಬೀದಿ ದೀಪ ಹತ್ತುವವರೆಗೂ ‘ಮತ್ತೆ’, ‘ಮತ್ತೇನಿಲ್ಲ’ ನಡೆಯುತ್ತಿತ್ತು.

ಇಂಥ ದಿನಗಳಲ್ಲಿ ನನಗೆ ಕಂಪ್ಯೂಟರ್ ಕಲಿಯುವ ಯೋಗ ಬಂತು. ಎಂಬತ್ತೈದೋ ಎಂಬತ್ತಾರೋ ಇಸವಿ. ಹಿರೇಹಳ್ಳಿಯಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸಂಬಳದ ಗುಮಾಸ್ತ. ನಮ್ಮ ಯಜಮಾನರು ಯಾರದೋ ಮಾತು ಕೇಳಿ ಒಂದು ಕಂಪ್ಯೂಟರ್ ತರಿಸುವುದೆಂದು ನಿಶ್ಚಯಿಸಿ, ಅದನ್ನು ಪಳಗಿಸಲು ಒಬ್ಬರು ಸಂಜೆ ಕ್ಲಾಸಿಗೆ ಹೋಗಬೇಕು ಎಂದರು. ಹುಡುಗು ವಯಸ್ಸಿನವರನ್ನು ಬಿಟ್ಟು ಐವತ್ತರ ನನ್ನನ್ನು ಆರಿಸಿದ್ದಕ್ಕೆ ನನ್ನ ಬುದ್ಧಿವಂತಿಕೆ ಕಾರಣವೆಂದು ನಾನು ಒಂದು ನಿಮಿಷ ನಂಬಿದ್ದೆ. “ಬೇರೆಯವರಿಗೆ ಸಂಜೆ ಮನೇಲಿ ಕಾಯ್ತಿರ್ತಾರೆ. ನಿಮಗೇನು, ಆ ತೊಂದರೆ ಇಲ್ವಲ್ಲ” ಎಂದರು ಅವರು. ಒಳ್ಳೆಯ ಮನುಷ್ಯ. ಲೆಕ್ಕದ ಮಾತಾಗಿ ಹೇಳಿದರು. ಲೆಕ್ಕ ಸರಿಯಾಗಿಯೇ ಇತ್ತು.

ತುಮಕೂರಿನಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯ ಮೇಲೆ ಕ್ಲಾಸು. ಕೆಳಗೆ ಟೈಪ್‌ರೈಟರುಗಳು ಆಲಿಕಲ್ಲು ಬಿದ್ದಂತೆ ಸದ್ದು ಮಾಡುತ್ತಿದ್ದರೆ ಮೇಲಿನ ಕೋಣೆ ನಿಶ್ಶಬ್ದ. ಧೂಳು ಬೀಳಬಾರದೆಂದು ಕಿಟಕಿಗೆ ಪರದೆ, ಬಾಗಿಲ ಹೊರಗೆ ಚಪ್ಪಲಿ. ಕಾಲು ತೊಳೆದೇ ಹೋಗಬೇಕೋ ಎಂದು ನಾನು ಮೊದಲ ದಿನ ಕೇಳಿ ನಗೆಪಾಟಲಾದೆ. ಕಲಿಸುವವನು ಮಂಜುನಾಥ, ಗುಬ್ಬಿಯಿಂದ ದಿನಾ ರೈಲಿನಲ್ಲಿ ಬಂದು ಹೋಗುವ ಯುವಕ. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾದ್ದರಿಂದ ಬೈಯಲಾರ. ನಾನು ವಿದ್ಯಾರ್ಥಿಯಾದ್ದರಿಂದ ಬಿಡಲಾರ. ಆ ಸಂಕಟದಲ್ಲಿ ಅವನು ಪ್ರತಿ ವಾಕ್ಯಕ್ಕೂ ‘ಸಾರ್’ ಸೇರಿಸುತ್ತಿದ್ದ.

“ಸಾರ್, ಇದಕ್ಕೆ ಬೇಜಾರು ಅನ್ನೋದೇ ಗೊತ್ತಿಲ್ಲ. ಒಂದೇ ಕೆಲ್ಸ ಹತ್ಸಲ ಆಗ್ಬೇಕು ಅಂದ್ರೆ ಹತ್ಸಲ ಬರೀಬೇಕಾಗಿಲ್ಲ. ಮೇಲ್ಗಡೆ ‘ಫಾರ್’ ಅಂತ ಹೇಳಿ ಎಲ್ಲಿಂದ ಎಲ್ಲೀವರ್ಗೆ ಅಂತ ಕೊಡಿ, ಮಧ್ಯೆ ಕೆಲ್ಸ ಇಡಿ, ಕೊನೇಲಿ ‘ನೆಕ್ಸ್ಟ್’ ಅನ್ನಿ. ಅದೇ ತಿರುಗಿ ಮೇಲಕ್ಕೆ ಹೋಗಿ ಮೊದ್ಲಿಂದ ಮಾಡುತ್ತೆ.”

“ನೆಕ್ಸ್ಟ್ ಅಂದ್ರೆ ಏನು ಅಂತ ಇಟ್ಕಳ್ಳಪ್ಪ?”

“‘ಮತ್ತೆ’ ಅಂತ ಇಟ್ಕಳಿ ಸಾರ್.”

ನಾನೊಬ್ಬನೇ ನಕ್ಕೆ. ಪರದೇಶದಲ್ಲಿ ಹುಟ್ಟಿ ಹಡಗು ಹತ್ತಿ ಬಂದ ಯಂತ್ರವೂ ಕೊನೆಗೆ ನಮ್ಮ ಜಗಲಿಗೇ ಬಂದು ಕೂತಿತಲ್ಲ ಎನ್ನಿಸಿತು. ಆದರೆ ಗಂಗಣ್ಣನಿಗಿಂತ ಅದು ಶಿಸ್ತಿನದು. ಎಷ್ಟು ಬಾರಿ ಎಂದು ಮೊದಲೇ ಕೇಳಿಕೊಂಡಿರುತ್ತದೆ. ಅಷ್ಟಾದ ಮೇಲೆ ಎದ್ದುಹೋಗುತ್ತದೆ. ಅದಕ್ಕೆ ಕಾಫಿ ಬೇಡ.

ಸುತ್ತು ಎಷ್ಟನೆಯದು ಎಂದು ನೆನಪಿಟ್ಟುಕೊಳ್ಳಲು ಅದಕ್ಕೊಂದು ಅಕ್ಷರ ಕೊಡಬೇಕಿತ್ತು. ನಾವು ಇಂಗ್ಲಿಷಿನ ‘ಐ’ ಎಂದು ಕೊಡುತ್ತಿದ್ದೆವು. ಒಂದರಿಂದ ಹತ್ತರವರೆಗೆ ಸುತ್ತಿ ಮುಗಿದ ಮೇಲೆ ಐ ಎಷ್ಟಕ್ಕೆ ನಿಂತಿರುತ್ತದೆ ಎಂದು ಮಂಜುನಾಥ ಕೇಳಿದ. ಎಲ್ಲರೂ ಹತ್ತು ಎಂದೆವು. ಹನ್ನೊಂದು ಎಂದ ಅವನು. ಹತ್ತನೆಯ ಸುತ್ತು ಮುಗಿದ ಮೇಲೆ ಅದು ಹನ್ನೊಂದಾಗಿ ಬಾಗಿಲಿಗೆ ಬರುತ್ತದಂತೆ. ಹತ್ತಕ್ಕೇ ಮುಗಿಯಿತು, ಒಳಗೆ ನಿನಗೆ ಕೆಲಸವಿಲ್ಲ ಎಂದು ಹೇಳಿಸಿಕೊಂಡು ಹೊರಗೇ ನಿಂತುಬಿಡುತ್ತದಂತೆ. ಉಳಿದವರು ಬರೆದುಕೊಂಡರು. ನಾನು ಆ ಹನ್ನೊಂದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತೆ. ಬೆಳಿಗ್ಗೆ ಎದ್ದು, ಹಾಲು ಕಾಯಿಸಿ, ಮಧ್ಯಾಹ್ನದ ಬುತ್ತಿ ಕಟ್ಟುವವರು ಯಾರೆಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತುಬಿಡುವ ಒಬ್ಬ ಮನುಷ್ಯನ ಪರಿಚಯ ನನಗಿತ್ತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಯಂತ್ರಕ್ಕೆ ನಾವು ಬರೆದುಕೊಡುವ ಈ ಭಾಷೆಯಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ ಇರಬೇಕು. ಆದರೆ ಒಂದು, ಎರಡು, ಮೂರು ಎಂದಲ್ಲ. ಹತ್ತು, ಇಪ್ಪತ್ತು, ಮೂವತ್ತು. ನಡುವೆ ಇಷ್ಟು ಸಂಖ್ಯೆಗಳನ್ನು ದಂಡ ಮಾಡುವುದೇಕೆ ಎಂದು ನಾನು ಗುಮಾಸ್ತನ ಜಿಪುಣತನದಿಂದ ಕೇಳಿದೆ.

“ಎಲ್ಲಾ ಬರೆದಾದ್ಮೇಲೆ ಏನೋ ಬಿಟ್ಟೋಯ್ತು ಅಂತ ನೆನಪಾಗುತ್ತಲ್ಲ ಸಾರ್. ಆಗ ಹತ್ತನ್ನೂ ಅಳಿಸ್ಬೇಕಾಗಿಲ್ಲ, ಇಪ್ಪತ್ತನ್ನೂ ಅಳಿಸ್ಬೇಕಾಗಿಲ್ಲ. ಹದಿನೈದು ಅಂತ ಕೊಟ್ಟು ಬರೀರಿ. ಅದೇ ಹೋಗಿ ಮಧ್ಯದಲ್ಲಿ ಕೂತ್ಕಳುತ್ತೆ.”

ತೆಂಗಿನ ಸಸಿಗಳ ನಡುವೆ ಜಾಗ ಬಿಡುವವರ ವಂಶದಲ್ಲಿ ಹುಟ್ಟಿದ ನನಗೆ ಇದು ಕೂಡಲೇ ಹಿಡಿಸಿತು. ಇದರಿಂದ ನನಗೆ ಆಗಬೇಕಾಗಿದ್ದ ಉಪಯೋಗ ಮಾತ್ರ ಆಗ ಹೊಳೆಯಲಿಲ್ಲ.

ಭಾನುವಾರ ನಾನು ಬಸ್ಸು ಹತ್ತಿ ಕುಣಿಗಲ್ಲಿಗೆ ಅಕ್ಕನನ್ನು ನೋಡಲು ಹೋಗುತ್ತಿದ್ದೆ. ಅಕ್ಕ ನನಗಿಂತ ಹದಿನೈದು ವರ್ಷ ದೊಡ್ಡವಳು, ಮಗ ಸೊಸೆಯ ಜೊತೆ ಇದ್ದಳು. ಜಯ ಹೋಗುವುದಕ್ಕೆ ಮುಂಚೆಯೇ ಅಕ್ಕನಿಗೆ ಮರೆವು ಹತ್ತಿತ್ತು. ಹೋದ ಮೇಲೆ ಅದು ಮನೆ ತುಂಬ ಹಬ್ಬಿತು. ಹಳೆಯದೆಲ್ಲ ಗಟ್ಟಿಯಾಗಿ ಉಳಿದು ಹೊಸದೆಲ್ಲ ಕರಗುವ ಮರೆವು. ಮಗಳು ಹುಟ್ಟಿದ್ದು, ನಡೆದದ್ದು, ಮದುವೆಯಾದದ್ದು ಎಲ್ಲ ಇತ್ತು. ಸತ್ತದ್ದು ಇರಲಿಲ್ಲ.

ನಾನು ಒಳಗೆ ಕಾಲಿಟ್ಟರೆ ಸಾಕು, “ಏನ್ಲಾ, ಒಬ್ನೇ ಬಂದಾ? ಜಯಿ ಬರ್ನಿಲ್ವಾ?” ಅನ್ನುತ್ತಿದ್ದಳು.

ಮೊದಲ ಭಾನುವಾರ ನಾನು ನಿಜ ಹೇಳಿದೆ. ಅಕ್ಕ ಎದೆ ಬಡಿದುಕೊಂಡು ಅತ್ತಳು, ಅದೇ ಗಳಿಗೆಯಲ್ಲಿ ಸುದ್ದಿ ಬಂದಂತೆ. ಅವಳಿಗೆ ಅದು ಅದೇ ಗಳಿಗೆಯಲ್ಲಿ ಬಂದ ಸುದ್ದಿಯೇ. ನಾನೂ ಅತ್ತೆ. ಅತ್ತೆಯ ಮುಂದೆ ಅತ್ತೆ ಎಂದು ಬರೆದರೆ ಶಬ್ದದ ಚಮತ್ಕಾರಕ್ಕೆ ಬರೆದಂತೆ ಕಾಣುತ್ತದೆ, ಆದರೆ ಆದದ್ದು ಅದೇ. ಊಟ ಮಾಡಿ ಎಲೆ ಎತ್ತುವಷ್ಟರಲ್ಲಿ ಅಕ್ಕನ ಮುಖ ತಿಳಿಯಾಯಿತು. ಸುತ್ತ ನೋಡಿ, “ಒಬ್ನೇ ಬಂದಾ? ಜಯಿ ಬರ್ನಿಲ್ವಾ?” ಎಂದಳು.

ನಾನು ಹೊರಡುವಾಗ ಸೊಸೆ ಕಮಲ ಬಾಗಿಲವರೆಗೆ ಬಂದಳು. “ಮಾವ, ನಿಜ ಹೇಳಕ್ಕೋಗ್ಬೇಡಿ. ನೀವು ಹೇಳ್ಬುಟ್ಟು ಬಸ್ ಹತ್ಕೊಂಡು ಹೋಯ್ತೀರ. ಅಳ್ತಾ ಕೂತೋರ್ನ ಸಮಾಧಾನ ಮಾಡೋಳು ನಾನು. ಬರ್ತಾಳೆ ಅನ್ನಿ, ಆಗೋಯ್ತದೆ.”

ಮುಂದಿನ ಭಾನುವಾರ ‘ಬರ್ತಾಳೆ ಅಕ್ಕ’ ಎಂದೆ. ಆಗಿಹೋಗಲಿಲ್ಲ. ಅಕ್ಕ ಕಾಯತೊಡಗಿದಳು. ಮಗಳು ಬಂದ ಮೇಲೆ ಉಣ್ಣುತ್ತೇನೆಂದು ಮುದ್ದೆಯನ್ನು ಮುಟ್ಟಲಿಲ್ಲ. ಬಸ್ಸಿನ ಹಾರನ್ನು ಕೇಳಿದಾಗಲೆಲ್ಲ ಎದ್ದು ಬಾಗಿಲಿಗೆ ಹೋಗಿ ನಿಂತಳು. ನಾನು ಹೇಳಿದ ಒಂದು ಸುಳ್ಳಿನ ಹಿಂದೆ ಹೋಗಿ ನಿಂತ ಅವಳ ಬೆನ್ನನ್ನು ನೋಡುವುದು, ಅವಳು ಅಳುವುದನ್ನು ನೋಡುವುದಕ್ಕಿಂತ ಕಷ್ಟವಾಯಿತು.

ನಿಜ ಹೇಳಿದರೆ ಅವಳ ಮಗಳು ಪ್ರತಿ ವಾರವೂ ಸಾಯುತ್ತಾಳೆ. ಸುಳ್ಳು ಹೇಳಿದರೆ ಪ್ರತಿ ವಾರವೂ ಬಾರದೆ ಹೋಗುತ್ತಾಳೆ. ಹೋಗದೇ ಇದ್ದುಬಿಡೋಣ ಎಂದುಕೊಂಡರೆ ಅದೂ ಆಗದು. ನನ್ನನ್ನು ಸಾಕಿದವಳು ಅವಳು. ಅದಕ್ಕಿಂತ ಹೆಚ್ಚಾಗಿ, ಇನ್ನೊಂದು ಕಾರಣವಿತ್ತು. ಜಯಳ ಹೆಸರು ಹಿಡಿದು ನನ್ನನ್ನು ಕೇಳುವ ಜೀವ ಇಡೀ ಜಿಲ್ಲೆಯಲ್ಲಿ ಅದೊಂದೇ ಉಳಿದಿತ್ತು. ಆ ಪ್ರಶ್ನೆಗೆ ಹೆದರುತ್ತಲೇ ಅದನ್ನು ಕೇಳಿಸಿಕೊಳ್ಳಲು ನಾನು ಬಸ್ಸು ಹತ್ತುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಕ್ಲಾಸಿನಲ್ಲಿ ಮಂಜುನಾಥ, ನಿಮಗೆ ಬೇಕಾದ ಒಂದು ವಾಕ್ಯವನ್ನು ಸುತ್ತಿನೊಳಗೆ ಹಾಕಿ ಎಂದ. ಯಂತ್ರಕ್ಕೆ ಕನ್ನಡದ ಅಕ್ಷರ ಬಾರದು, ಇಂಗ್ಲಿಷಿನ ಅಕ್ಷರದಲ್ಲಿ ಏನು ಬೇಕಾದರೂ ಬರೆಯಬಹುದು. ಉಳಿದವರು ತಮ್ಮ ತಮ್ಮ ಹೆಸರು ಹಾಕಿದರು. ಕಂಪ್ಯೂಟರಿನ ಪರದೆಯ ತುಂಬ ನನ್ನದೇ ಹೆಸರು ನೋಡುವ ಉಮೇದು ನನಗಿರಲಿಲ್ಲ. ಗುಬ್ಬಿಯ ಈ ಯುವಕನನ್ನು ಸ್ವಲ್ಪ ನಗಿಸೋಣವೆಂದು ‘ಮತ್ತೊಂದು ಗುಬ್ಬಿ ಬಂತು’ ಎಂದು ಹತ್ತನೆಯ ಸಾಲಿನಲ್ಲಿ ಬರೆದೆ. ಇಪ್ಪತ್ತನೆಯ ಸಾಲಿನಲ್ಲಿ, ಫಾರ್ ಮತ್ತು ನೆಕ್ಸ್ಟ್ ಮರೆತುಹೋದದ್ದರಿಂದ, ‘ಹತ್ತಕ್ಕೆ ಹೋಗು’ ಎಂದಷ್ಟೇ ಬರೆದೆ. ಎಷ್ಟು ಬಾರಿ ಎಂದು ಹೇಳಲಿಲ್ಲ.

ಗುಬ್ಬಿಗಳು ಬಂದವು. ಬರುತ್ತಲೇ ಇದ್ದವು. ಪರದೆ ತುಂಬಿತು, ಹಳೆಯ ಗುಬ್ಬಿಗಳು ಮೇಲೆ ಹಾರಿ ಮಾಯವಾದವು, ಕೆಳಗಿನಿಂದ ಹೊಸವು ಬಂದವು. ನಾನು ಕೈ ಎತ್ತಿ ಹಿಂದೆ ಸರಿದೆ.

“ಏನ್ ಸಾರ್, ನಮ್ಮೂರಿನ ಮೇಲೆ ಬಿದ್ದಿದೀರಾ?” ಎಂದು ಮಂಜುನಾಥ ಬಂದು ನೋಡಿ ನಕ್ಕ. “ಇದು ತಾನಾಗೇ ನಿಲ್ಲಲ್ಲ ಸಾರ್. ಒಳಗಡೆ ನಿಲ್ಲು ಅಂತ ಎಲ್ಲೂ ಹೇಳಿಲ್ವಲ್ಲ. ಹೊರಗಿಂದ ಯಾರಾದ್ರೂ ನಿಲ್ಲಿಸ್ಬೇಕು.” ಒಂದು ಕೀಲಿ ಒತ್ತಿದ. ಗುಬ್ಬಿಗಳು ಇದ್ದಲ್ಲೇ ನಿಂತವು.

ನಗಿಸಲು ಬರೆದ ವಾಕ್ಯ ನನಗೆ ಎಲ್ಲಿಂದ ಬಂತು ಎಂಬುದು ಮನೆಗೆ ನಡೆಯುತ್ತಿರುವಾಗ ನೆನಪಾಯಿತು. ನಮ್ಮ ಅವ್ವ ತೀರಿಕೊಂಡಾಗ ನಾನು ನಾಲ್ಕೈದು ವರ್ಷದವನು. ಅಕ್ಕ ನನ್ನನ್ನು ಕುಣಿಗಲ್ಲಿನ ತನ್ನ ಗಂಡನ ಮನೆಗೆ ಕರೆತಂದು ಸಾಕಿದಳು. ಅವ್ವ ಯಾವಾಗ ಬರ್ತಾಳೆ ಎಂದು ನಾನು ಕೇಳಿದಾಗಲೆಲ್ಲ ಅಕ್ಕ ಬರುತ್ತಾಳೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ನನ್ನನ್ನು ತೊಡೆಗೆ ಒರಗಿಸಿಕೊಂಡು ಕಥೆ ಶುರು ಮಾಡುತ್ತಿದ್ದಳು. ಒಂದೂರಲ್ಲಿ ಒಂದು ಕಣಜ, ತುಂಬ ರಾಗಿ, ಕಣಜಕ್ಕೊಂದು ಸಣ್ಣ ತೂತು. ಒಂದು ಗುಬ್ಬಿ ಬಂತು, ಒಂದು ಕಾಳು ಕಚ್ಚಿತು, ಪುರ್ ಅಂತು. ‘ಮತ್ತೆ?’ ಎನ್ನುತ್ತಿದ್ದೆ ನಾನು. ಮತ್ತೊಂದು ಗುಬ್ಬಿ ಬಂತು, ಮತ್ತೊಂದು ಕಾಳು ಕಚ್ಚಿತು, ಪುರ್ ಅಂತು. ‘ಮತ್ತೆ?’ ಆ ಕಣಜ ಖಾಲಿಯಾದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು. ಕಥೆಯ ಒಳಗೆ ನಿಲ್ಲು ಎಂಬ ಮಾತಿರಲಿಲ್ಲ. ನಿಲ್ಲಿಸುತ್ತಿದ್ದದ್ದು ಹೊರಗಿನ ನಿದ್ದೆ.

ಮುಂದಿನ ಭಾನುವಾರ ನಾನು ಕುಣಿಗಲ್ಲಿಗೆ ಹೋದಾಗ ಮಧ್ಯಾಹ್ನದ ಹೊತ್ತು. ಅಕ್ಕ ನಡುಮನೆಯಲ್ಲಿ ಚಾಪೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮನಸ್ಸು ಮರೆತದ್ದನ್ನು ಬೆರಳು ಮರೆತಿರಲಿಲ್ಲ.

“ಏನ್ಲಾ, ಒಬ್ನೇ ಬಂದಾ? ಜಯಿ ಬರ್ನಿಲ್ವಾ?”

ಈ ಪ್ರಶ್ನೆಯೇ ಹತ್ತನೆಯ ಸಾಲು. ಅದನ್ನು ಅಳಿಸುವ ಶಕ್ತಿ ನನಗಿರಲಿಲ್ಲ. ಇಪ್ಪತ್ತನೆಯ ಸಾಲಾದ ಮರೆವನ್ನೂ ಅಳಿಸಲಾರೆ. ನಡುವೆ ಜಾಗವಿತ್ತು. ನಾನು ಅವಳ ಎದುರು ಕೂತು, ಒಂದು ಕಾಯಿ ಕೈಗೆ ತೆಗೆದುಕೊಂಡು, “ಒಂದೂರಲ್ಲಿ ಒಂದು ಕಣಜ ಇತ್ತು ಅಕ್ಕ” ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಒಳಗೆ ಕಮಲಳ ಒರಳಿನ ಸದ್ದು ನಿಂತಿತು.

“ಒಂದು ಗುಬ್ಬಿ ಬಂತು. ಒಂದು ಕಾಳು ಕಚ್ಚಿತು. ಪುರ್ ಅಂತು.”

ಅಕ್ಕ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. “ಮತ್ತೆ?” ಎಂದಳು.

ಮತ್ತೊಂದು ಗುಬ್ಬಿ ಬಂತು. ಮತ್ತೊಂದು. ಒಂದೊಂದು ಗುಬ್ಬಿಗೂ ಒಂದೊಂದು ಕಾಯಿ ಸುಲಿಯುತ್ತ ಹೋದೆವು. ಐವತ್ತರ ಗುಮಾಸ್ತ ಹಾಡುಹಗಲಲ್ಲಿ ಬಾಯಲ್ಲಿ ಪುರ್ ಎನ್ನುತ್ತ ಕೂತದ್ದು ಹೇಗೆ ಕಾಣುತ್ತಿತ್ತೋ. ಅಕ್ಕ ಮಾತ್ರ ತಪ್ಪದೆ ‘ಮತ್ತೆ?’ ಎನ್ನುತ್ತಿದ್ದಳು. ಅವಳು ಬಾಗಿಲ ಕಡೆ ನೋಡುತ್ತಿರಲಿಲ್ಲ. ಇದೇ ಸರಿ, ಪ್ರಶ್ನೆ ಮರೆತುಹೋಯಿತು ಎಂದು ನಾನು ಒಳಗೊಳಗೇ ಹಗುರಾಗುತ್ತಿದ್ದೆ.

ಆಗ ಅಕ್ಕ ತಲೆ ಎತ್ತದೆ ಕೇಳಿದಳು: “ಬರಾಕಿಲ್ವೇನ್ಲಾ ಅವ್ಳು?”

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ನಾನು ಬುದ್ಧಿವಂತನೆಂದು ತಿಳಿದು ಮಾಡಿದ ಉಪಾಯದಲ್ಲಿ ಒಂದನ್ನು ಮರೆತಿದ್ದೆ. ಕಥೆ ನನ್ನದಲ್ಲ, ಅವಳದು. ಆ ಕಥೆಯನ್ನು ಯಾರಿಗೆ ಹೇಳುತ್ತಾರೆ, ಯಾಕೆ ಹೇಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಯಾರು ಬರುವುದಿಲ್ಲವೋ ಅವರನ್ನು ಕೇಳಿದವರಿಗೆ ಹೇಳುವ ಕಥೆ ಅದು.

“ಇಲ್ಲ ಅಕ್ಕ” ಎಂದೆ.

ಅವಳು ಎದೆ ಬಡಿದುಕೊಳ್ಳಲಿಲ್ಲ. ಸೆರಗಿನ ತುದಿಯಿಂದ ಒಮ್ಮೆ ಕಣ್ಣೊರೆಸಿಕೊಂಡು, “ನಿಂಗ್ಯಾರ್ಲಾ ಬೇಯ್ಸಾಕ್ತಾರೆ?” ಎಂದಳು.

“ನಾನೇ ಮಾಡ್ಕೋತೀನಿ.”

“ಉಪ್ಪು ನೋಡ್ಕಂಡಾಕು. ನಿಂದು ಯಾವಾಗ್ಲೂ ಕೈ ಜಾಸ್ತಿ.” ಅವರೆಕಾಯಿಯ ರಾಶಿಯಲ್ಲಿ ಅರ್ಧವನ್ನು ನನ್ನ ಕಡೆ ತಳ್ಳಿದಳು. “ಮತ್ತೆ?”

“ಮತ್ತೊಂದು ಗುಬ್ಬಿ ಬಂತು” ಎಂದೆ.

ಇದರಿಂದ ಅವಳ ಮರೆವು ವಾಸಿಯಾಯಿತೆಂದಲ್ಲ. ಮರುವಾರ ಅದೇ ಪ್ರಶ್ನೆ, ಅದೇ ಕಣಜ. ಕೆಲವು ವಾರ ಅವಳು ಕಥೆಯ ನಡುವೆ ಆ ಮಾತನ್ನು ತಲುಪುತ್ತಿದ್ದಳು. ಕೆಲವು ವಾರ ತಲುಪದೆ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಆದರೆ ಬಾಗಿಲಿಗೆ ಹೋಗಿ ನಿಲ್ಲಲಿಲ್ಲ, ಊಟ ಬಿಡಲಿಲ್ಲ. ನಾನು ಹೋಗದ ದಿನಗಳಲ್ಲಿ ಕಮಲಳೂ ಗುಬ್ಬಿಗಳನ್ನು ಕರೆಸಲು ಕಲಿತಳು. “ನಿಮ್ಮ ಗುಬ್ಬೀನೂ ನೀವೂ. ನಂಗೆ ನಿದ್ದೇಲೂ ಪುರ್ ಅಂತವೆ ಮಾವ” ಎಂದು ದೂರಿದಳು.

ಅಕ್ಕ ಹೋಗಿ ಈಗ ವರ್ಷವಾಗುತ್ತ ಬಂತು. ಹೊರಗಿನಿಂದ ಯಾರೋ ಕೀಲಿ ಒತ್ತಿದರು. ಕಾರ್ಖಾನೆಯ ಕಂಪ್ಯೂಟರ್ ಸಂಬಳದ ಲೆಕ್ಕವನ್ನು ಬೇಸರವಿಲ್ಲದೆ ಸುತ್ತುತ್ತಿದೆ. ಭಾನುವಾರಗಳು ಮಾತ್ರ ಸುತ್ತುವುದಕ್ಕೆ ಏನೂ ಇಲ್ಲದೆ ಬಂದು ನಿಲ್ಲುತ್ತವೆ. ಜಯ ಬರಲಿಲ್ಲವೇ ಎಂದು ಕೇಳುವವರು ಈಗ ಯಾರೂ ಇಲ್ಲ.

ಮೊನ್ನೆ ಭಾನುವಾರ ಸಂಜೆ ಗಂಗಣ್ಣ ಬಂದು ಜಗಲಿಯಲ್ಲಿ ಕೂತ. ಬೀದಿಯನ್ನು ನೋಡಿದೆವು.

“ಮತ್ತೆ?” ಎಂದ.

‘ಮತ್ತೇನಿಲ್ಲ’ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ವರ್ಷದಿಂದ ಈ ಎರಡು ಸಾಲುಗಳನ್ನು ಹೀಗೆ ಒತ್ತಾಗಿ ಇಟ್ಟುಕೊಂಡು ಬಂದಿದ್ದೇವೆ ಎನ್ನಿಸಿತು. ನಡುವೆ ಜಾಗವಿತ್ತೋ ಇಲ್ಲವೋ ಎಂದು ನಾವಿಬ್ಬರೂ ನೋಡಿರಲಿಲ್ಲ.

“ಜಯ ಇದ್ದಿದ್ರೆ ಇಷ್ಟೊತ್ತಿಗೆ ಕಾಫಿ ತಂದಿಡೋಳು” ಎಂದೆ.

ಗಂಗಣ್ಣ ನನ್ನ ಕಡೆ ತಿರುಗಲಿಲ್ಲ. ಹೆಗಲ ಮೇಲಿನ ಟವಲನ್ನು ತೆಗೆದು, ಮಡಚಿ, ತೊಡೆಯ ಮೇಲೆ ಇಟ್ಟುಕೊಂಡ. ಎದ್ದು ಹೋಗುತ್ತಾನೇನೋ ಎಂದುಕೊಂಡೆ.

“ಹೂಂ ಕಣಪ್ಪ” ಎಂದ. “ಸಕ್ಕರೆ ಒಂಚೂರು ಜಾಸ್ತೀನೇ ಹಾಕೋಳು ಜಯಮ್ಮ. ಹೇಳಾಣ ಹೇಳಾಣ ಅಂತ ಹೇಳ್ಲೇ ಇಲ್ಲ ನಾನು.”

ಆಮೇಲೆ ಸ್ವಲ್ಪ ನನ್ನ ಕಡೆ ಸರಿದು ಕೂತು, ಮೆಲ್ಲಗೆ, ಈ ಬಾರಿ ನಿಜವಾಗಿಯೂ ಕೇಳುವವನ ಹಾಗೆ, “ಮತ್ತೆ?” ಎಂದ.